ದೋಣಿಯಿಂದ ದೋಣಿಗೆ ಮಾತು ಮುಟ್ಟಬೇಕಾದರೆ: ವೈರ್‌ಲೆಸ್ ಸೆಟ್ ಆರಿಸುವುದು ಹೇಗೆ?

ಮೀನುಗಾರಿಕೆ ಬೋಟಿಗೆ ವೈರ್‌ಲೆಸ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ವಾಟ್?" ಮಲ್ಪೆಯಾದರೂ ಅಷ್ಟೇ, ಗಂಗೊಳ್ಳಿಯಾದರೂ ಅಷ್ಟೇ, ಕಾರವಾರವಾದರೂ ಅಷ್ಟೇ. ಜಾಸ್ತಿ ವಾಟ್ ಇದ್ದರೆ ಜಾಸ್ತಿ ದೂರ ಕೇಳುತ್ತದೆ ಅನ್ನುವ ನಂಬಿಕೆ. ಸಮುದ್ರದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮಾತು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆಂಟೆನಾದ ಎತ್ತರ. ಆಮೇಲೆ ಕೇಬಲ್. ಸೆಟ್ಟಿನ ವಾಟ್ ಅದರ ನಂತರದ್ದು. ಹಾಗಾಗಿ ನಿಮ್ಮ ಹತ್ತಿರ ಇರುವ ದುಡ್ಡನ್ನು ಎಲ್ಲಿಗೆ ಹಾಕಬೇಕು ಅನ್ನುವುದೇ ಈ ಬರಹದ ವಿಷಯ.

ಮೊಬೈಲ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ದಡದಿಂದ ದೂರ ಹೋದ ಹಾಗೆ ಟವರ್ ಕೈಕೊಡುತ್ತದೆ. ಟವರ್ ಇದ್ದಾಗಲೂ ಫೋನಿನಲ್ಲಿ ನೀವು ಕರೆದ ಒಬ್ಬರಿಗೆ ಮಾತ್ರ ಕೇಳುತ್ತದೆ. ಎಂಜಿನ್ ಕೆಟ್ಟು ಬೋಟ್ ತೇಲಿ ಹೋಗುತ್ತಿರುವಾಗ ನಿಮಗೆ ಬೇಕಾದದ್ದು ಸುತ್ತಲಿನ ಎಲ್ಲ ಬೋಟುಗಳಿಗೂ ಒಟ್ಟಿಗೆ ಕೇಳುವ ದನಿ.

ಹೆಜ್ಜೆ 1: ಯಾರ ಜೊತೆ, ಎಷ್ಟು ದೂರ ಅಂತ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ತಂಡದ ಬೋಟುಗಳು ಸಾಮಾನ್ಯವಾಗಿ ಒಂದಕ್ಕೊಂದು ಎಷ್ಟು ದೂರ ಇರುತ್ತವೆ? ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸವೋ, ವಾರಗಟ್ಟಲೆ ಹೊರಗೆ ಉಳಿಯುವ ಆಳಸಮುದ್ರದ ಕೆಲಸವೋ? ಕ್ಯಾಬಿನ್ ಇದೆಯೋ, ತೆರೆದ ನಾಡದೋಣಿಯೋ? ಬ್ಯಾಟರಿ 12 ವೋಲ್ಟೋ 24 ವೋಲ್ಟೋ? ಜೊತೆಗೆ ಹೋಗುವ ಬೋಟುಗಳಲ್ಲಿ ಈಗ ಯಾವ ಸೆಟ್ ಇದೆ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ನಿಮ್ಮ ಸೆಟ್ ಎಷ್ಟೇ ಒಳ್ಳೆಯದಿರಲಿ, ಆ ಕಡೆಯವರದು ಬೇರೆ ಬ್ಯಾಂಡಿನದಾದರೆ, ಅಂದರೆ ಬೇರೆ ಫ್ರೀಕ್ವೆನ್ಸಿಗಳ ಗುಂಪಿನದಾದರೆ, ಮಾತು ಮುಟ್ಟುವುದಿಲ್ಲ. ಒಂದು ತಂಡದ ಐದಾರು ಬೋಟಿನವರು ಕೂತು ಮಾತಾಡಿ ಒಂದೇ ಬಗೆಯ ಸೆಟ್ ತೆಗೆದುಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಚಾರ್ಜರ್, ಬ್ಯಾಟರಿ, ಮೈಕ್ ಒಬ್ಬರದು ಇನ್ನೊಬ್ಬರಿಗೆ ಆಗುತ್ತದೆ. ಬೋಟ್ ನಡೆಸುವ ಒಬ್ಬ ತಂಡೇಲನಿಗೆ ಸೆಟ್ ಗೊತ್ತಾದರೆ ಉಳಿದವರಿಗೆ ಅವನೇ ಹೇಳಿಕೊಡುತ್ತಾನೆ.

ಹೆಜ್ಜೆ 2: ಮೆರೈನ್ ವಿಎಚ್‌ಎಫ್ ಸೆಟ್ಟನ್ನೇ ಕೇಳಿ

ಆನ್‌ಲೈನ್‌ನಲ್ಲಿ ಅಗ್ಗದ ವಾಕಿಟಾಕಿಗಳು ರಾಶಿ ರಾಶಿ ಸಿಗುತ್ತವೆ. ನೋಡಲು ಎಲ್ಲವೂ ಒಂದೇ ಥರ. ಬೋಟಿಗೆ ಬೇಕಾದದ್ದು ಮೆರೈನ್ ವಿಎಚ್‌ಎಫ್, ಅಂದರೆ 156ರಿಂದ 162 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಸೆಟ್. ಪ್ರಪಂಚದ ಎಲ್ಲ ಹಡಗುಗಳೂ ಕೋಸ್ಟ್ ಗಾರ್ಡೂ ಕಿವಿಗೊಟ್ಟು ಕೂರುವುದು ಇದೇ ಬ್ಯಾಂಡಿನಲ್ಲಿ. ಇದರ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕರೆಗೂ ಮೊದಲ ಕರೆಗೂ ಮೀಸಲು.

ಲೈಸೆನ್ಸ್ ಇಲ್ಲದೆ ಬಳಸಬಹುದಾದ ಸೆಟ್ಟುಗಳೂ ನಮ್ಮ ದೇಶದಲ್ಲಿವೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಶಕ್ತಿಯ ವಾಕಿಟಾಕಿ ಅಂಥದ್ದು. ಹಾಗೆಯೇ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್ 5 ವಾಟ್ ತನಕ. ಬೋಟು ಕಟ್ಟುವ ದಕ್ಕೆಯಲ್ಲಿ ಲಾರಿಗೂ ಬೋಟಿಗೂ ನಡುವೆ ಮಾತಾಡಲು ಮೊದಲನೆಯದು ಸಾಕು. ಆದರೆ ನಡುನೀರಿನಲ್ಲಿ ಅದನ್ನು ನಂಬಿ ಕೂರಬೇಡಿ. ನೀವು ಕೂಗಿದರೆ ಪಕ್ಕದಲ್ಲೇ ಹಾದುಹೋಗುವ ಸರಕು ಹಡಗಿಗೆ ಅದು ಕೇಳುವುದೇ ಇಲ್ಲ. ಆ ಹಡಗಿನ ಸೆಟ್ ಬೇರೆ ಬ್ಯಾಂಡಿನಲ್ಲಿರುತ್ತದೆ.

ಎಲ್ಲ ಬ್ಯಾಂಡಿನಲ್ಲೂ ಕೆಲಸ ಮಾಡುತ್ತದೆ ಎಂದು ಮಾರುವ ಚೀನಾ ಸೆಟ್ಟುಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಬೇಡ. ಲೈಸೆನ್ಸ್ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಉಪ್ಪುನೀರಿಗೆ ತಡೆಯುವುದಿಲ್ಲ. 16ನೇ ಚಾನೆಲ್‌ಗೆ ನೇರವಾಗಿ ಹೋಗುವ ಗುಂಡಿ ಇರುವುದಿಲ್ಲ. ಯಾವುದೋ ಗುಂಡಿ ಒತ್ತಿಹೋಗಿ ಫ್ರೀಕ್ವೆನ್ಸಿ ಬದಲಾದರೆ ಕತ್ತಲಲ್ಲಿ ಅದನ್ನು ಸರಿ ಮಾಡುವುದು ಕಷ್ಟ. ಸ್ಯಾಟಲೈಟ್ ಫೋನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತುರಾಯಾ, ಇರಿಡಿಯಂ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಬಳಸುವಂತಿಲ್ಲ. ಗಲ್ಫ್‌ನಿಂದ ಬಂದ ನೆಂಟರು ಪ್ರೀತಿಯಿಂದ ತಂದುಕೊಟ್ಟರೂ ಬೋಟಿಗೆ ಏರಿಸಬೇಡಿ. ಕೇಸ್ ಬೀಳುತ್ತದೆ.

ಹೆಜ್ಜೆ 3: ಕೈಸೆಟ್ಟೋ, ಕ್ಯಾಬಿನ್ ಸೆಟ್ಟೋ?

ಕೈಯಲ್ಲಿ ಹಿಡಿಯುವ ಸೆಟ್ ಸಾಮಾನ್ಯವಾಗಿ 5 ವಾಟ್. ಕ್ಯಾಬಿನ್ನಿನಲ್ಲಿ ಕೂರಿಸುವ ಸೆಟ್ 25 ವಾಟ್. ಎರಡರಲ್ಲೂ 1 ವಾಟಿಗೆ ಇಳಿಸುವ ಗುಂಡಿ ಇರುತ್ತದೆ. ಹತ್ತಿರದ ಬೋಟಿನ ಜೊತೆ ಮಾತಾಡುವಾಗ 1 ವಾಟ್ ಧಾರಾಳ. ಬ್ಯಾಟರಿಯೂ ಉಳಿಯುತ್ತದೆ, ದೂರದವರ ಮಾತಿಗೆ ಅಡ್ಡಿಯೂ ಆಗುವುದಿಲ್ಲ.

ದೂರದ ಲೆಕ್ಕ ಹೀಗಿದೆ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತವೆ. ಭೂಮಿ ಬಾಗಿರುವುದರಿಂದ ಒಂದು ಹಂತ ದಾಟಿದ ಮೇಲೆ ಎದುರಿನ ಆಂಟೆನಾ ಸಮುದ್ರದ ಬಾಗಿನ ಆಚೆ ಮರೆಯಾಗುತ್ತದೆ. ನಿಮ್ಮ ಆಂಟೆನಾ ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆಯಿರಿ. ಎದುರಿನ ಬೋಟಿನದ್ದೂ ತೆಗೆಯಿರಿ. ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್ ಲೆಕ್ಕದಲ್ಲಿ ದೂರ.

ಇಬ್ಬರೂ ದೋಣಿಯಲ್ಲಿ ನಿಂತು ಕೈಸೆಟ್ ಹಿಡಿದರೆ ಆಂಟೆನಾ ನೀರಿನಿಂದ 2 ಮೀಟರ್ ಎತ್ತರದಲ್ಲಿರುತ್ತದೆ ಅನ್ನಿ. ದೂರ 11ರಿಂದ 12 ಕಿಲೋಮೀಟರ್. ಇದು ಲೆಕ್ಕದ ಮಾತು. ಅಲೆ ಎದ್ದಾಗ, ಮೈಯೇ ಅಡ್ಡ ಬಂದಾಗ, ಬ್ಯಾಟರಿ ಇಳಿದಾಗ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಎರಡೂ ಬೋಟಿನಲ್ಲಿ ಆಂಟೆನಾ 4 ಮೀಟರಿನಲ್ಲಿದ್ದರೆ 16 ಕಿಲೋಮೀಟರ್ ಚಿಲ್ಲರೆ. ಎರಡರಲ್ಲೂ 9 ಮೀಟರಿಗೆ ಏರಿಸಿದರೆ 24 ದಾಟುತ್ತದೆ, ಅಂದರೆ 13 ನಾಟಿಕಲ್ ಮೈಲು. ಒಂದು ಕಡೆ ಕೈಸೆಟ್, ಇನ್ನೊಂದು ಕಡೆ 9 ಮೀಟರಿನ ಆಂಟೆನಾ ಇದ್ದರೆ ಸುಮಾರು 18. ಈ ಲೆಕ್ಕದಲ್ಲಿ ವಾಟ್ ಎಲ್ಲೂ ಬರಲಿಲ್ಲ, ಗಮನಿಸಿದಿರಾ? 25 ವಾಟ್ ಇದ್ದರೆ ಆ ದೂರದೊಳಗೆ ಮಾತು ಗಟ್ಟಿಯಾಗಿ, ತೊದಲದೆ ಕೇಳುತ್ತದೆ. ಬಾಗಿನ ಆಚೆಗೆ ಅದೂ ಹೆಚ್ಚೇನೂ ಹೋಗಲಾರದು.

ಇನ್ನು ಆಯ್ಕೆ. ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಗೆ ನೀರಿಗೆ ಬಿದ್ದರೂ ತೇಲುವ ಕೈಸೆಟ್ ಒಂದು ಸಾಕು. ಕೈಗೆಟುಕಿದರೆ ಎರಡು ಇಟ್ಟುಕೊಳ್ಳಿ. ದಿನದ ಟ್ರಾಲ್ (ಬಲೆ ಎಳೆಯುವ) ಬೋಟಿಗೂ ಪರ್ಸಿನ್ (ಬಲೆ ಸುತ್ತುವ) ಬೋಟಿಗೂ ಕ್ಯಾಬಿನ್ನಿನಲ್ಲಿ 25 ವಾಟ್ ಸೆಟ್ ಒಂದು, ಜೊತೆಗೆ ಕೈಸೆಟ್ ಒಂದು ಬೇಕು. ಪರ್ಸಿನ್ನಿನಲ್ಲಿ ಬಲೆ ಸುತ್ತುವಾಗ ಡಿಂಗಿ ಎಂಬ ಸಣ್ಣ ದೋಣಿಯವರ ಹತ್ತಿರ ಆ ಕೈಸೆಟ್ ಇದ್ದರೆ ಕೂಗಾಟ ಕಡಿಮೆಯಾಗುತ್ತದೆ. ಆಳಸಮುದ್ರದ ಬೋಟಿಗೆ ಡಿಎಸ್‌ಸಿ (ಗುಂಡಿ ಒತ್ತಿದರೆ ಅಪಾಯದ ಕರೆ ಹೋಗುವ ವ್ಯವಸ್ಥೆ) ಇರುವ ಸೆಟ್ಟನ್ನೇ ಹಾಕಿಸಿ. ಅದರ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 4: ಆಂಟೆನಾ, ಕೇಬಲ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ವ್ಯರ್ಥವಾಗುವುದೂ ಇಲ್ಲೇ, ಉಳಿಯುವುದೂ ಇಲ್ಲೇ.

ಆಂಟೆನಾವನ್ನು 3 ಡಿಬಿ, 6 ಡಿಬಿ, 9 ಡಿಬಿ ಎಂದು ಮಾರುತ್ತಾರೆ. 3 ಡಿಬಿಯದು ಮೀಟರಿನಷ್ಟು ಉದ್ದ. 6 ಡಿಬಿಯದು ಸುಮಾರು 8 ಅಡಿ. 9 ಡಿಬಿಯದು ಇನ್ನೂ ಉದ್ದ. ಡಿಬಿ, ಅಂದರೆ ಆಂಟೆನಾ ಅಲೆಯನ್ನು ಒಟ್ಟುಗೂಡಿಸುವ ಅಳತೆ, ಜಾಸ್ತಿಯಾದ ಹಾಗೆ ಅಲೆಗಳು ಚಪ್ಪಟೆಯಾಗಿ ದಿಗಂತದ ಕಡೆಗೆ ಹೋಗುತ್ತವೆ. ಅಲುಗಾಡದ ದೊಡ್ಡ ಹಡಗಿಗೆ ಅದು ಸರಿ. ನಮ್ಮ ಬೋಟುಗಳು ಹೊರಳುತ್ತವೆ. ಹೊರಳಿದಾಗ ಆ ಚಪ್ಪಟೆ ಅಲೆ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಬಡಿಯುತ್ತದೆ. ಮಾತು ಬಂದು ಬಂದು ಹೋಗುತ್ತದೆ. ಸಣ್ಣ ಬೋಟಿಗೆ 3 ಡಿಬಿ, ದೊಡ್ಡ ಟ್ರಾಲರಿಗೆ 6 ಡಿಬಿ ಸಾಕು. 9 ಡಿಬಿಯ ಗೋಜಿಗೆ ಹೋಗಬೇಡಿ.

ಆಂಟೆನಾ ಮೆರೈನ್ ಬ್ಯಾಂಡಿನದ್ದೇ ಆಗಿರಬೇಕು. ಬೇರೆ ಫ್ರೀಕ್ವೆನ್ಸಿಗೆ ಮಾಡಿದ್ದನ್ನು ಸುಮ್ನೆ ಸಿಕ್ಕಿಸಿದರೆ ಶಕ್ತಿ ವಾಪಸ್ ಬಂದು ಸೆಟ್ಟೇ ಹಾಳಾಗಬಹುದು. ಹಾಕಿಸಿದ ಮೇಲೆ, ಹೀಗೆ ವಾಪಸ್ ಬರುವ ಶಕ್ತಿಯನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. 1.5ರ ಒಳಗಿದ್ದರೆ ಚೆನ್ನ. 2 ದಾಟಿದರೆ ಎಲ್ಲೋ ತಪ್ಪಿದೆ. 3 ಬಂದರೆ ಸರಿಯಾಗುವ ತನಕ ಸೆಟ್ ಒತ್ತಲೇಬೇಡಿ.

ಈಗ ಕೇಬಲ್. ಆರ್‌ಜಿ-58 ಅನ್ನುವುದು ತೆಳ್ಳಗಿನ, ಅಗ್ಗದ ಕೇಬಲ್. ಆರ್‌ಜಿ-213 ಸುಮಾರು ಒಂದು ಸೆಂಟಿಮೀಟರ್ ದಪ್ಪದ ಕೇಬಲ್. ಹತ್ತು ಮೀಟರ್ ಆರ್‌ಜಿ-58 ಎಳೆದರೆ 25 ವಾಟಿನಲ್ಲಿ ಆಂಟೆನಾಕ್ಕೆ ತಲುಪುವುದು 16ರ ಆಸುಪಾಸು. ಅಷ್ಟೇ ಉದ್ದದ ಆರ್‌ಜಿ-213ರಲ್ಲಿ 20. ಮೂವತ್ತು ಮೀಟರ್ ಎಳೆದರಂತೂ ತೆಳ್ಳಗಿನದರಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಕೇಳಿಸುವ ಮಾತಿಗೂ ಇದೇ ನಷ್ಟ. ಕೇಬಲ್ ಎಷ್ಟು ಬೇಕೋ ಅಷ್ಟೇ ಇರಲಿ. ಉಳಿದದ್ದನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಬೇಡಿ.

ಹಳೆಯ ಬೋಟ್ ಕೊಂಡವರು ಒಂದು ಪರೀಕ್ಷೆ ಮಾಡಿ. ಆಂಟೆನಾದ ಬುಡದಲ್ಲಿ ಕೇಬಲ್ಲಿನ ಹೊರಸಿಪ್ಪೆಯನ್ನು ಎರಡು ಇಂಚು ಸುಲಿಯಿರಿ. ಒಳಗಿನ ತಾಮ್ರದ ಜಾಲರಿ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಬೆರಳಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಉಪ್ಪುನೀರು ಒಳಗೆ ಇಳಿದಿದೆ ಎಂದರ್ಥ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸಾಲದು. ನೀರು ಜಾಲರಿ ಹಿಡಿದು ಕೇಬಲ್ಲಿನ ಉದ್ದಕ್ಕೂ ಹೋಗಿರುತ್ತದೆ. ಇಡೀ ಕೇಬಲ್ ಬದಲಿಸಿ. "ಸೆಟ್ ಹೋಗಿದೆ, ಹೊಸದು ತಗೊಳ್ಳಿ" ಎಂದು ಯಾರಾದರೂ ಹೇಳಿದರೆ ಮೊದಲು ಈ ಎರಡು ಇಂಚನ್ನು ನೋಡಿ.

ಹೊಸ ಕನೆಕ್ಟರನ್ನು ಬೆಸುಗೆ ಹಾಕಿಸಿ. ಮೇಲೆ ತನ್ನಷ್ಟಕ್ಕೆ ಒಂದಕ್ಕೊಂದು ಅಂಟಿ ಒಂದಾಗುವ ರಬ್ಬರ್ ಟೇಪ್ ಸುತ್ತಿ. ಅದರ ಮೇಲೆ ಮಾಮೂಲಿ ಕರಿ ಟೇಪ್. ಕರಿ ಟೇಪ್ ಒಂದೇ ಸುತ್ತಿದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ಹೆಜ್ಜೆ 5: ಕರೆಂಟ್

25 ವಾಟಿನ ಸೆಟ್ ಮಾತಾಡುವಾಗ 5ರಿಂದ 6 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ, ಸೆಟ್ಟಿನ ಜೊತೆ ಕೊಟ್ಟ ಫ್ಯೂಸ್ ಹಾಕಿಯೇ ಲೈನ್ ಎಳೆಯಿರಿ. ಮೋಟಾರಿಗೆ, ಲೈಟಿಗೆ ಹೋದ ವೈರಿನಿಂದ ಕವಲು ತೆಗೆಯಬೇಡಿ. ಹೆಚ್ಚಿನ ಸೆಟ್ಟುಗಳು 12 ವೋಲ್ಟಿನವು. ಬೋಟಿನ ಬ್ಯಾಟರಿ 24 ವೋಲ್ಟ್ ಆಗಿದ್ದರೆ ಒಳ್ಳೆಯ ಕನ್ವರ್ಟರ್ ಬೇಕೇ ಬೇಕು. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಲೈನ್ ತೆಗೆಯುವ ಅಡ್ಡದಾರಿ ಬೇಡ, ಆ ಬ್ಯಾಟರಿ ಬೇಗ ಸಾಯುತ್ತದೆ. ಸಾಧ್ಯವಾದರೆ ರೇಡಿಯೋಗೆ ಒಂದು ಬೇರೆ ಬ್ಯಾಟರಿಯನ್ನು ಕ್ಯಾಬಿನ್ನಿನಲ್ಲಿ ಎತ್ತರದಲ್ಲಿ ಇಡಿ. ಎಂಜಿನ್ ಕೋಣೆಗೆ ನೀರು ನುಗ್ಗಿದರೆ ಅಲ್ಲಿರುವ ಬ್ಯಾಟರಿ ಮೊದಲು ಹೋಗುತ್ತದೆ. ಕೂಗಬೇಕಾದ ಹೊತ್ತೂ ಅದೇ.

ಎಲ್‌ಇಡಿ ಲೈಟುಗಳ ಬಗ್ಗೆಯೂ ಹೇಳಬೇಕು. ಅಗ್ಗದ ಎಲ್‌ಇಡಿಗಳೊಳಗಿನ ಸರ್ಕ್ಯೂಟ್ ವಿಎಚ್‌ಎಫ್ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತದೆ. ದಕ್ಕೆಯಲ್ಲೇ ನೋಡಬಹುದು. ಎಲ್ಲ ಲೈಟ್ ಆರಿಸಿ. ಯಾರೂ ಮಾತಾಡದ ಒಂದು ಚಾನೆಲ್ ಹಾಕಿ. ಸ್ಕ್ವೆಲ್ಚ್ ಗುಂಡಿಯನ್ನು ಸೊಯ್ ಎನ್ನುವ ಸದ್ದು ನಿಲ್ಲುವ ತನಕ ಮಾತ್ರ ತಿರುಗಿಸಿ. ಈಗ ಒಂದೊಂದೇ ಲೈಟ್ ಹಾಕಿ. ಯಾವ ಲೈಟ್ ಹಾಕಿದಾಗ ಸದ್ದು ಮತ್ತೆ ಬಂತೋ ಅದೇ ತಂಟೆಯದ್ದು. ಅದನ್ನು ಬದಲಿಸಿ, ಇಲ್ಲವೇ ಆಂಟೆನಾದಿಂದ ದೂರ ಮಾಡಿ.

ಸೆಟ್ಟನ್ನು ದಿಕ್ಸೂಚಿಯಿಂದ ಒಂದು ಮೀಟರ್ ದೂರ ಇಡಿ. ಸ್ಪೀಕರಿನೊಳಗಿನ ಅಯಸ್ಕಾಂತ ಮುಳ್ಳನ್ನು ಎಳೆಯುತ್ತದೆ.

ಹೆಜ್ಜೆ 6: ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ

ಐಪಿಎಕ್ಸ್7 ಎಂದು ಬರೆದಿದೆಯಾ? ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಅದಕ್ಕಿಂತ ಕಡಿಮೆಯದ್ದು ಬೇಡ. ಆದರೆ ಐಪಿಎಕ್ಸ್7 ಅಂದಮಾತ್ರಕ್ಕೆ ತೇಲುತ್ತದೆ ಅಂತಲ್ಲ. ತೇಲುವುದನ್ನು ಬೇರೆಯಾಗಿ ಕೇಳಿ. ಬ್ಯಾಟರಿ ಬಾಳಿಕೆಯನ್ನು ಡಬ್ಬದ ಮೇಲೆ ಬರೆಯುವಾಗ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನೆ ಇರುವುದು. ಮೀನಿನ ಹಿಂದೆ ಬಿದ್ದ ತಂಡದಲ್ಲಿ ಮಾತು ಇಷ್ಟು ಕಡಿಮೆ ಇರುತ್ತದಾ? ಅಲ್ಲಿ ಬರೆದ ಗಂಟೆಯ ಅರ್ಧವನ್ನೇ ನಂಬಿ.

ಒದ್ದೆ ಕೈಯಲ್ಲಿ, ಗ್ಲೌಸ್ ಹಾಕಿಕೊಂಡು ಗುಂಡಿ ಒತ್ತಿ ನೋಡಿ. 16ನೇ ಚಾನೆಲ್ ಗುಂಡಿ ಒಂದೇ ಒತ್ತಿಗೆ ಸಿಗಬೇಕು. ಮಾತಾಡುವ ಗುಂಡಿ ಬಿಟ್ಟಕೂಡಲೇ ಟಕ್ ಎಂದು ವಾಪಸ್ ಬರಬೇಕು. ಉಪ್ಪು ಕಟ್ಟಿ ಈ ಗುಂಡಿ ಒಳಗೇ ಸಿಕ್ಕಿಕೊಂಡರೆ ನಿಮ್ಮ ಬೋಟಿನ ಎಂಜಿನ್ ಸದ್ದು ಇಡೀ ಚಾನೆಲ್ ತುಂಬಿಕೊಂಡು ಸುತ್ತಲಿನ ಯಾರಿಗೂ ಮಾತಾಡಲು ಆಗುವುದಿಲ್ಲ. ತುಂಬ ಹೊತ್ತು ಒತ್ತಿದ್ದರೆ ತಾನಾಗಿ ನಿಲ್ಲುವ ಟೈಮರ್ ಇರುವ ಸೆಟ್ ಸಿಕ್ಕಿದರೆ ಒಳ್ಳೆಯದು. ಡೆಕ್ಕಿನಲ್ಲಿ ಕೇಳಿಸಲು ಹೊರಗಿನ ಸ್ಪೀಕರ್ ಹಾಕುವ ಜಾಗ ಇದೆಯಾ ಎಂದೂ ನೋಡಿ.

ಡಿಎಸ್‌ಸಿ ಅಂದರೆ ಸೆಟ್ಟಿನ ಮೇಲೆ ಮುಚ್ಚಳದ ಕೆಳಗಿರುವ ಕೆಂಪು ಗುಂಡಿಯ ವ್ಯವಸ್ಥೆ. ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ನಿಮ್ಮ ಬೋಟಿನ ಗುರುತು, ಜಿಪಿಎಸ್ ಸ್ಥಾನ ಎರಡೂ ಹೋಗುತ್ತವೆ. ವ್ಯಾಪ್ತಿಯೊಳಗಿನ ಎಲ್ಲ ಡಿಎಸ್‌ಸಿ ಸೆಟ್ಟುಗಳಲ್ಲೂ ಗಂಟೆ ಬಾರಿಸುತ್ತದೆ. ಯಾರಾದರೂ ಉತ್ತರ ಕೊಡುವ ತನಕ ಕರೆ ತಾನಾಗಿ ಮತ್ತೆ ಮತ್ತೆ ಹೋಗುತ್ತದೆ. ಇದಕ್ಕೆ ಬೋಟಿನ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ಬೇಕು. ಭಾರತದ ಬೋಟುಗಳದ್ದು 419ರಿಂದ ಶುರುವಾಗುತ್ತದೆ. ಬಾಯಿಗೆ ಬಂದ ಸಂಖ್ಯೆ ತುಂಬಿಸಬೇಡಿ. ಎಷ್ಟೋ ಸೆಟ್ಟುಗಳಲ್ಲಿ ಒಂದೆರಡು ಸಲ ಮಾತ್ರ ತುಂಬಿಸಲು ಬಿಡುತ್ತದೆ, ಆಮೇಲೆ ಡೀಲರ್ ಹತ್ತಿರವೇ ಹೋಗಬೇಕು. ಜಿಪಿಎಸ್ ಸೆಟ್ಟಿನೊಳಗೇ ಇರುವಂಥದ್ದನ್ನು ಆರಿಸಿದರೆ ಹೊರಗಿನಿಂದ ವೈರ್ ಎಳೆಯುವ ತಾಪತ್ರಯ ಇಲ್ಲ.

ಹೆಜ್ಜೆ 7: ಚಾನೆಲ್ ಗೊತ್ತುಮಾಡಿ

ಹೊಸ ಸೆಟ್ ಆನ್ ಮಾಡಿದಾಗ ಪರದೆಯ ಮೂಲೆಯಲ್ಲಿ ಯುಎಸ್‌ಎ ಎಂದು ತೋರಿಸಬಹುದು. ಮೆನುವಿಗೆ ಹೋಗಿ ಅದನ್ನು ಇಂಟರ್‌ನ್ಯಾಷನಲ್ ಮಾಡಿ. ಒಂದೇ ನಂಬರಿನ ಚಾನೆಲ್ ಎರಡು ಪಟ್ಟಿಯಲ್ಲಿ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಇರುವುದುಂಟು. ತಂಡದ ಒಂದು ಬೋಟ್ ಅಮೆರಿಕದ ಪಟ್ಟಿಯಲ್ಲಿ ಉಳಿದರೂ ಗೊಂದಲವೇ.

ಇನ್ನೊಂದು ತೊಡಕು. ಕೆಲವು ಚಾನೆಲ್‌ಗಳು ಬೋಟಿಗೂ ದಡದ ಸ್ಟೇಷನ್ನಿಗೂ ಮಾತ್ರ. 25ನೇ ಚಾನೆಲ್ ನೋಡಿ. ಬೋಟ್ ಮಾತಾಡುವುದು 157.250ರಲ್ಲಿ, ಕೇಳುವುದು 161.850ರಲ್ಲಿ. ಎರಡು ಬೋಟುಗಳು ಇದರಲ್ಲಿ ಕೂತರೆ ಇಬ್ಬರೂ ಮಾತಾಡುತ್ತಾರೆ, ಯಾರಿಗೂ ಕೇಳುವುದಿಲ್ಲ. ಸೆಟ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋಗುವ ಮೊದಲು ಇದನ್ನು ಪರೀಕ್ಷಿಸಿ. ಬೋಟಿನಿಂದ ಬೋಟಿಗೆ ಅಂತಲೇ ಇರುವವು 6, 8, 72, 77. ಇವುಗಳಲ್ಲಿ 6 ಹುಡುಕಾಟದ ಕೆಲಸಕ್ಕೂ ಬಳಕೆಯಾಗುವುದರಿಂದ ನಿಮ್ಮ ತಂಡಕ್ಕೆ 8, 72, 77ರಲ್ಲಿ ಒಂದನ್ನು ಮೊದಲನೆಯದಾಗಿ, ಇನ್ನೊಂದನ್ನು ಬದಲಿಯಾಗಿ ಇಟ್ಟುಕೊಳ್ಳಿ. ಡ್ಯುಯಲ್ ವಾಚ್ ಹಾಕಿದರೆ ತಂಡದ ಚಾನೆಲ್ ಜೊತೆ 16 ಕೂಡ ಕಿವಿಯಲ್ಲಿರುತ್ತದೆ. ಅದನ್ನು ಆಫ್ ಮಾಡಬೇಡಿ. 16ರಲ್ಲಿ ಹರಟೆ ಹೊಡೆಯಬೇಡಿ.

ಬಂಗುಡೆ ಸಿಕ್ಕ ಜಾಗ ಬೇರೆಯವರಿಗೆ ತಿಳಿಯಬಾರದು ಎಂದೇ ಕೆಲವರು ಕದ್ದು ಬೇರೆ ಫ್ರೀಕ್ವೆನ್ಸಿಯ ಸೆಟ್ ಹಾಕಿಸುತ್ತಾರೆ. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಡೀಸೆಲ್ ಸುಟ್ಟು ಹುಡುಕಿದ ಮೀನು ಅದು. ಆದರೆ ಅದಕ್ಕೆ ಉಪಾಯ ಬೇರೆ ಇದೆ. ತಂಡದೊಳಗೆ ಜಾಗಗಳಿಗೆ ನಿಮ್ಮದೇ ಗುಟ್ಟಿನ ಹೆಸರು ಇಟ್ಟುಕೊಳ್ಳಿ, ಸೆಟ್ ಮಾತ್ರ ಎಲ್ಲರಿಗೂ ಕೇಳುವಂಥದ್ದೇ ಇರಲಿ. ಅಪಾಯದ ಹೊತ್ತಿನಲ್ಲಿ ಗುಟ್ಟಿನ ಹೆಸರು ಬಿಟ್ಟು ನೇರವಾಗಿ ಅಕ್ಷಾಂಶ, ರೇಖಾಂಶ ಹೇಳಿ.

ದೂರ ಜಾಸ್ತಿಯಾದಾಗ ನಡುವಿನ ಬೋಟ್ ಮಾತು ದಾಟಿಸಬೇಕು. ಯಾವ ಹೊತ್ತಿಗೆ ಯಾರು ಯಾರನ್ನು ಕರೆಯಬೇಕು ಅನ್ನುವುದನ್ನು ಹೊರಡುವ ಮೊದಲೇ ಗೊತ್ತುಮಾಡಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನಡಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ವೈರ್‌ಲೆಸ್ ಒಂದರಿಂದ ಅಂಥ ಅನಾಹುತ ತಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕೊನೆಯ ಮಾತು ಎಷ್ಟು ಗಂಟೆಗೆ, ಯಾವ ಸ್ಥಾನದಿಂದ ಬಂತು ಅನ್ನುವುದು ಯಾರದ್ದಾದರೂ ಪುಸ್ತಕದಲ್ಲಿ ಬರೆದಿದ್ದರೆ ಹುಡುಕುವವರಿಗೆ ಅಲ್ಲಿಂದ ಶುರುಮಾಡಲು ಆಗುತ್ತದೆ. ಆರು ಗಂಟೆಗೊಮ್ಮೆ ಕರೆ, ಉತ್ತರ ಬರದಿದ್ದರೆ ಮುಂದಿನ ಒಂದು ಗಂಟೆಯಲ್ಲಿ ಮತ್ತೆ ಕರೆ, ಆಗಲೂ ಇಲ್ಲದಿದ್ದರೆ ದಡಕ್ಕೆ ಸುದ್ದಿ. ಇಷ್ಟನ್ನು ಕಟ್ಟುನಿಟ್ಟಾಗಿ ನಡೆಸಿ.

ಹೆಜ್ಜೆ 8: ಕಾಗದಪತ್ರ

ಮೆರೈನ್ ವಿಎಚ್‌ಎಫ್ ಸೆಟ್ಟಿಗೆ ಲೈಸೆನ್ಸ್ ಬೇಕು. ಅದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಬಿಲ್ಲಿನಲ್ಲಿ ಸೆಟ್ಟಿನ ಮಾಡೆಲ್, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಲೈಸೆನ್ಸಿಗೆ ಏನೇನು ಬೇಕೆಂದು ದುಡ್ಡು ಕೊಡುವ ಮೊದಲೇ ಡೀಲರ್ ಹತ್ತಿರ ಕೇಳಿ. ನಿಮ್ಮ ಬಂದರಿನ ಮೀನುಗಾರಿಕೆ ಇಲಾಖೆಯಲ್ಲೂ ಒಂದು ಮಾತು ಕೇಳಿ. ಸರ್ಕಾರದಿಂದ ಬೋಟಿಗೆ ಟ್ರಾನ್ಸ್‌ಪಾಂಡರ್ ಅಥವಾ ಅಪಾಯದ ಸುದ್ದಿ ಕಳಿಸುವ ಡ್ಯಾಟ್ ಕೊಟ್ಟಿದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ. ಅದು ಸ್ಯಾಟಲೈಟ್ ಮೂಲಕ ದಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಪಕ್ಕದ ಬೋಟನ್ನು ದನಿಯಲ್ಲಿ ಕರೆಯುವ ಕೆಲಸ ವಿಎಚ್‌ಎಫ್‌ನದ್ದೇ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ ಇರುವುದರಿಂದ ಈ ಕೆಲಸಗಳನ್ನೆಲ್ಲ ಆಗಲೇ ಮುಗಿಸಿ.

ಹೆಜ್ಜೆ 9: ಕಲಿಸಿ, ಬರೆದು ಅಂಟಿಸಿ

ಸೆಟ್ ತಂಡೇಲನಿಗೆ ಮಾತ್ರ ಗೊತ್ತಿದ್ದರೆ ಸಾಲದು. ನೀರಿಗೆ ಬಿದ್ದವನು ತಂಡೇಲನೇ ಆಗಿರಬಹುದು. ಬೋಟಿನ ಪ್ರತಿಯೊಬ್ಬನಿಗೂ ಆನ್ ಮಾಡುವುದು, 16ಕ್ಕೆ ಹೋಗುವುದು, ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡುವುದು, ಮುಗಿದ ಮೇಲೆ ಗುಂಡಿ ಬಿಡುವುದು ಗೊತ್ತಿರಲಿ. ಕೆಂಪು ಗುಂಡಿಯನ್ನು ತೋರಿಸಿ, ಆದರೆ ಪರೀಕ್ಷೆಗೆಂದು ಒತ್ತಿಸಬೇಡಿ. ಡಿಎಸ್‌ಸಿಗೆ ಟೆಸ್ಟ್ ಕಾಲ್ ಬೇರೆಯೇ ಇದೆ.

ಕೂಗುವ ಕ್ರಮವನ್ನು ಒಂದು ಕಾಗದದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಸೆಟ್ಟಿನ ಪಕ್ಕ ಅಂಟಿಸಿ. "ಮೇಡೇ" ಮೂರು ಸಲ. ಬೋಟಿನ ಹೆಸರು ಮೂರು ಸಲ, ನೋಂದಣಿ ಸಂಖ್ಯೆ. ಅಕ್ಷಾಂಶ, ರೇಖಾಂಶ, ಅಂಕಿ ಒಂದೊಂದಾಗಿ ಬಿಡಿಸಿ. ಏನಾಗಿದೆ. ಬೋಟಿನಲ್ಲಿ ಎಷ್ಟು ಜನ. ಏನು ಸಹಾಯ ಬೇಕು. "ಓವರ್." ಆಮೇಲೆ ಗುಂಡಿ ಬಿಟ್ಟು ಕಿವಿಗೊಡಿ. ಉತ್ತರ ಬರದಿದ್ದರೆ ಮತ್ತೆ ಮೊದಲಿಂದ. ಜೀವಕ್ಕೆ ಅಪಾಯ ಇಲ್ಲ, ಎಂಜಿನ್ ಮಾತ್ರ ನಿಂತಿದೆ ಅಂತಾದರೆ "ಮೇಡೇ" ಬದಲು "ಪ್ಯಾನ್ ಪ್ಯಾನ್" ಎಂದು ಮೂರು ಸಲ. ಕೆಳಗೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರ 1093 ಬರೆಯಿರಿ. ಟವರ್ ಸಿಗುವ ಕಡೆ ಅವೂ ಆಗುತ್ತವೆ.

ಇದನ್ನು ಕನ್ನಡದಲ್ಲಿ ಮಾತ್ರ ಬರೆಯಬೇಡಿ. ನಮ್ಮ ಬೋಟುಗಳಲ್ಲಿ ಈಗ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರಿಂದಲೇ ಅವರ ಅಕ್ಷರದಲ್ಲಿ ಅದರ ಕೆಳಗೆ ಬರೆಸಿ. ಹೊರಡುವ ಮುನ್ನ ಒಬ್ಬೊಬ್ಬರಿಂದಲೂ ಒಮ್ಮೆ ಗಟ್ಟಿಯಾಗಿ ಓದಿಸಿ.